ಖಾಲಿ ಪಿಕಪ್‌ಗೆ ಆರು ಮೂಟೆ ಮರಳು

ಕಳಸ ಸೀಮೆಯ ಪಿಕಪ್ ಗಾಡಿಗಳ ಹಣೆಬರಹ ವಿಚಿತ್ರ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಆಗ ಬಾಡಿಯ ತುಂಬ ಹಣ್ಣಿನ ಮೂಟೆ, ಕಣದಿಂದ ಒಣ ಕಾಫಿ, ಜೊತೆಗೆ ಅಡಿಕೆ, ಮೆಣಸು. ಹಿಂದಿನ ಕಮಾನು ಪಟ್ಟಿಗಳು ನೇರವಾಗುವಷ್ಟು ಭಾರ. ಆದರೆ ರಸ್ತೆ ಒಣಗಿ ಗರಗರ ಎನ್ನುತ್ತಿರುತ್ತದೆ, ಟಯರು ಎಲ್ಲಿಟ್ಟರೂ ಕಚ್ಚುತ್ತದೆ. ಜೂನ್ ಬಂತೆಂದರೆ ಎಲ್ಲವೂ ತಿರುಗುಮುರುಗು. ಸಾಗಿಸಲು ಹೆಚ್ಚೇನೂ ಇಲ್ಲ, ಗಾಡಿ ಖಾಲಿ, ರಸ್ತೆ ಮಾತ್ರ ಲೋಳೆ. ಭಾರ ಇದ್ದಾಗ ಅದು ಬೇಕಿರಲಿಲ್ಲ, ಬೇಕಾದಾಗ ಇಲ್ಲ.

ಮಳೆಗಾಲದಲ್ಲಿ ಸಂಸೆ, ತೋಟದೂರು, ಮರಸಣಿಗೆ, ಇಡಕಣಿ ಕಡೆಯ ಯಾವ ತೋಟದ ದಾರಿಗೆ ಹೋದರೂ ಈ ನೋಟ ಸಿಗುತ್ತದೆ. ಡಾಂಬರು ರಸ್ತೆಯಿಂದ ಕವಲೊಡೆದ ಮಣ್ಣಿನ ಏರು. ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಕಾಫಿ ಗಿಡಗಳ ತಲೆ. ಖಾಲಿ ಪಿಕಪ್ ಫಸ್ಟ್ ಗೇರಿನಲ್ಲಿ ಗುರ್ ಎನ್ನುತ್ತಾ ಅರ್ಧ ಏರುತ್ತದೆ, ಅಲ್ಲಿಗೆ ಹಿಂದಿನ ಚಕ್ರ ನಿಂತಲ್ಲೇ ತಿರುಗಲು ಶುರು. ಕೆಸರು ಹಿಂದಕ್ಕೆ ಹಾರಿ ಡೋರಿಗೆ ಬಡಿಯುತ್ತದೆ, ರಬ್ಬರಿನ ಸುಟ್ಟ ವಾಸನೆ ಬರುತ್ತದೆ, ಗಾಡಿಯ ಬಾಲ ನಿಧಾನಕ್ಕೆ ಚರಂಡಿಯ ಕಡೆ ಸರಿಯುತ್ತದೆ. ಡ್ರೈವರ್ ತಲೆ ಹೊರಗೆ ಹಾಕಿ ಹೇಳುವ ಮಾತು ಎಲ್ಲ ಕಡೆಯೂ ಒಂದೇ: “ಹಿಂದೆ ಎಂತದೂ ಇಲ್ಲ ಮಾರಾಯ್ರೆ, ಎಲ್ಲಿಂದ ಕಚ್ಚುತ್ತೆ?”

ಅವರ ಮಾತು ನೂರಕ್ಕೆ ನೂರು ಸರಿ. ಪಿಕಪ್‌ನ ಎಂಜಿನ್ ಮುಂದೆ, ಡ್ರೈವರ್ ಮುಂದೆ, ಕ್ಯಾಬಿನ್ ಮುಂದೆ. ತಳ್ಳುವ ಚಕ್ರ ಮಾತ್ರ ಹಿಂದೆ. ಗಾಡಿ ಮಾಡಿದವರು ಹಿಂದಿನ ಚಕ್ರದ ಮೇಲೆ ಸಾವಿರ ಕೆ.ಜಿ.ಗೂ ಮಿಕ್ಕ ಸರಕು ಕೂರುತ್ತದೆಂದು ಲೆಕ್ಕ ಹಾಕಿಯೇ ಮಾಡಿದ್ದಾರೆ. ಸರಕು ಇಲ್ಲದಿದ್ದರೆ ಆ ಚಕ್ರಕ್ಕೆ ನೆಲವನ್ನು ಒತ್ತಿ ಹಿಡಿಯುವವರು ಯಾರೂ ಇಲ್ಲ. ಮಾರುತಿ ಓಮ್ನಿ ಓಡಿಸಿದ ಹಳಬರಿಗೆ ಇದು ಚೆನ್ನಾಗಿ ಗೊತ್ತು. ಅದರ ಎಂಜಿನ್ ಮುಂದಿನ ಸೀಟಿನಡಿ, ತಳ್ಳುವ ಚಕ್ರ ಹಿಂದೆ. ಒಬ್ಬರೇ ಕೂತು ಮಳೆಯಲ್ಲಿ ಏರು ಹತ್ತಿಸಲು ಹೋದರೆ ಅದು ಅಡ್ಡಡ್ಡ ಕುಣಿಯುತ್ತಿತ್ತು. ಮಾರುತಿ 800, ಆಲ್ಟೊಗಳದ್ದು ಬೇರೆ ಕತೆ. ಅವುಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರಾಗುತ್ತದೆ. ಹಾಗಾಗಿಯೇ ಜಾರುವ ಏರನ್ನು ಅವು ರಿವರ್ಸ್ ಗೇರಿನಲ್ಲಿ ಚೆನ್ನಾಗಿ ಹತ್ತುತ್ತವೆ. ಪಿಕಪ್‌ಗೆ ಆ ಉಪಾಯ ನಡೆಯದು, ರಿವರ್ಸ್ ಹತ್ತಿಸಲು ಹೋದರೆ ಇನ್ನಷ್ಟು ಕೆಡುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಖಾಲಿ ಪಿಕಪ್ಪೊಂದರ ತೂಕ 1,700 ಕೆ.ಜಿ. ಎಂದಿಟ್ಟುಕೊಳ್ಳಿ. ಅದರಲ್ಲಿ ಸಾವಿರ ಮುಂದಿನ ಚಕ್ರದ ಮೇಲೆ, ಏಳುನೂರು ಹಿಂದಿನ ಚಕ್ರದ ಮೇಲೆ. ಒಣ ಡಾಂಬರಿನ ಮೇಲೆ ಟಯರು ತನ್ನ ಮೇಲಿನ ಭಾರದ ಮುಕ್ಕಾಲು ಪಾಲಿನಷ್ಟು ಬಲದಲ್ಲಿ ತಳ್ಳಬಲ್ಲದು. ಗಟ್ಟಿ ನೆಲದ ಮೇಲೆ ಕೆಮ್ಮಣ್ಣಿನ ತೆಳು ಲೋಳೆ ಇದ್ದರೆ ಅದು ಹತ್ತರಲ್ಲಿ ಮೂರು ಪಾಲಿಗೆ ಇಳಿಯಿತು ಎನ್ನೋಣ. ಏಳುನೂರರಲ್ಲಿ ಹತ್ತರ ಮೂರು ಪಾಲು ಅಂದರೆ 210 ಕೆ.ಜಿ.ಯ ತಳ್ಳು. ಏರು ಏಳು ಅಡಿಗೆ ಒಂದು ಅಡಿಯಂತೆ ಮೇಲೇರುತ್ತಿದ್ದರೆ ಗಾಡಿಯನ್ನು ಕೆಳಕ್ಕೆ ಎಳೆಯುವ ಭಾರ 1,700ರ ಏಳನೇ ಒಂದು ಪಾಲು, ಸುಮಾರು 243 ಕೆ.ಜಿ. ಎಂಜಿನ್ ಎಷ್ಟೇ ಕಿರುಚಲಿ, 210 ಗೆಲ್ಲುವುದಿಲ್ಲ.

ಈಗ ಹಿಂದಿನ ಆಕ್ಸೆಲ್‌ನ ನೇರ ಮೇಲೆ ಐವತ್ತು ಕೆ.ಜಿ.ಯ ಆರು ಮೂಟೆ ಮರಳು ಹಾಕಿ. ಹಿಂದಿನ ಚಕ್ರದ ಮೇಲೆ ಈಗ ಸಾವಿರ ಕೆ.ಜಿ., ತಳ್ಳು 300. ಗಾಡಿಯ ಒಟ್ಟು ತೂಕ ಎರಡು ಸಾವಿರವಾಯಿತು, ಕೆಳಕ್ಕೆ ಎಳೆಯುವುದು 286. ಗಾಡಿ ಹತ್ತಿತು. ಏರಿನಲ್ಲಿ ಸ್ವಲ್ಪ ಭಾರ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ, ಅದನ್ನು ಸೇರಿಸಿದರೂ ಉತ್ತರ ಬದಲಾಗುವುದಿಲ್ಲ.

ಅದೇ ಆರು ಮೂಟೆಯನ್ನು ಮಳೆಯಲ್ಲಿ ನೆನೆಯುವ ಸೋಮಾರಿತನಕ್ಕೆ ಕ್ಯಾಬಿನ್ನಿಗೆ ಒರಗಿಸಿ ಇಟ್ಟರೆ? ಆಗ ಭಾರ ಎರಡು ಆಕ್ಸೆಲ್‌ಗಳ ನಡುವೆ ಬೀಳುತ್ತದೆ, ಹೆಚ್ಚುಕಡಿಮೆ ಅರ್ಧ ಮುಂದಿನ ಚಕ್ರಕ್ಕೆ ಹೋಗುತ್ತದೆ. ಹಿಂದೆ 850 ಕೆ.ಜಿ., ತಳ್ಳು 255, ಬೇಕಿದ್ದದ್ದು 286. ಮರಳು ಹೊತ್ತದ್ದೂ ದಂಡ, ಗಾಡಿ ಇನ್ನಷ್ಟು ತೂಕವಾಗಿ ಅಲ್ಲೇ ಜಾರುತ್ತದೆ. ಇನ್ನು ಕೆಲವರು ಡೋರಿನ ಅಂಚಿಗೇ ತಳ್ಳಿ ಇಡುತ್ತಾರೆ. ಆಗ ಹಿಂಭಾರದಿಂದ ಮೂತಿ ಎದ್ದು ಸ್ಟೇರಿಂಗ್ ಹಗುರಾಗುತ್ತದೆ, ಹೇರ್‌ಪಿನ್ ತಿರುವಿನಲ್ಲಿ ಮುಂದಿನ ಚಕ್ರ ಹೇಳಿದ ಮಾತು ಕೇಳುವುದಿಲ್ಲ. ಮೂಟೆ ಇರಬೇಕಾದದ್ದು ಹಿಂದಿನ ಚಕ್ರದ ಮೇಲೆ, ಬೇಕಾದರೆ ಅದಕ್ಕಿಂತ ಗೇಣು ಮುಂದೆ. ನನ್ನ ಅನುಭವದಲ್ಲಿ “ಭಾರ ಹಾಕಿದರೂ ಹತ್ತಲಿಲ್ಲ” ಎನ್ನುವ ದೂರುಗಳಲ್ಲಿ ಮುಕ್ಕಾಲು ಪಾಲು ಜಾಗ ತಪ್ಪಿದ ಭಾರದ್ದು.

ಇದೇನೂ ಮಲೆನಾಡಿನವರು ಕಂಡುಹಿಡಿದ ವಿದ್ಯೆಯಲ್ಲ. ಬಯಲುಸೀಮೆಯ ರೈತರು ಗದ್ದೆಗಿಳಿಯುವ ಮೊದಲು ಟ್ರ್ಯಾಕ್ಟರಿನ ಹಿಂದಿನ ಟಯರಿನೊಳಗೆ ಮುಕ್ಕಾಲು ಭಾಗ ನೀರು ತುಂಬಿಸುತ್ತಾರೆ, ಚಕ್ರಕ್ಕೆ ಬೀಡುಕಬ್ಬಿಣದ ತೂಕಗಳನ್ನು ಬೋಲ್ಟ್ ಹಾಕಿ ಕೂರಿಸುತ್ತಾರೆ. ನಮ್ಮ ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು ಹತ್ತುವುದು ಐವತ್ತಕ್ಕೆ ಒಂದರ ಏರನ್ನು. ನಮ್ಮ ತೋಟದ ದಾರಿಗಳ ಮುಂದೆ ಅದು ಏರೇ ಅಲ್ಲ ಅನ್ನಿಸಬಹುದು, ಆದರೆ ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ, ಮೇಲಿಂದ ಸಹ್ಯಾದ್ರಿಯ ಮಳೆ. ಗೂಡ್ಸ್ ಎಳೆಯುವ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ನಿನ ತೂಕ 126 ಟನ್. ಆ ತೂಕ ಪೂರ್ತಿ ತಳ್ಳುವ ಚಕ್ರಗಳ ಮೇಲೆಯೇ ಕೂರುವ ಹಾಗೆ ಅದನ್ನು ಕಟ್ಟಿದ್ದಾರೆ. ಅಷ್ಟೂ ಸಾಲದೆ ಚಕ್ರದ ಮುಂದೆ ಮರಳು ಉದುರಿಸಲು ಎಂಜಿನ್ನಿನಲ್ಲೇ ಮರಳಿನ ಪೆಟ್ಟಿಗೆ ಇರುತ್ತದೆ. ಭಾರ ಮತ್ತು ಮರಳು, ಎರಡೂ ಒಟ್ಟಿಗೆ.

ಹಿಮ ಬೀಳುವ ದೇಶಗಳಲ್ಲಂತೂ ಇದು ವರ್ಷಾವರ್ಷದ ಕಾರ್ಯಕ್ರಮ. ಅಮೆರಿಕದ ಮಿಷಿಗನ್, ಮಿನೆಸೋಟದಂಥ ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಮೊದಲು ಅಂಗಡಿಗಳಲ್ಲಿ ಉದ್ದನೆಯ ಮರಳಿನ ಚೀಲಗಳು ಮಾರಾಟಕ್ಕೆ ಬರುತ್ತವೆ. ಒಂದೊಂದೂ ಸುಮಾರು 27 ಕೆ.ಜಿ. ಪಿಕಪ್ ಇಟ್ಟುಕೊಂಡವರು ಅವನ್ನು ಹಿಂದಿನ ಆಕ್ಸೆಲ್ ಮೇಲೆ ಸಾಲಾಗಿ ಮಲಗಿಸಿ ಕಟ್ಟುತ್ತಾರೆ. ಹಿಮ ಕರಗಿದ ಮೇಲೆ ಇಳಿಸಿ ಗ್ಯಾರೇಜಿನ ಮೂಲೆಗೆ ಹಾಕುತ್ತಾರೆ. ಗಟ್ಟಿಯಾಗಿ ಕೂತ ಹಿಮದ ಮೇಲೆ ಟಯರಿನ ಹಿಡಿತ ಭಾರದ ಐದನೇ ಒಂದು ಪಾಲು, ಮಂಜುಗಡ್ಡೆಯ ಮೇಲೆ ಹತ್ತನೇ ಒಂದು ಪಾಲು ಇದ್ದರೆ ಹೆಚ್ಚು. ಅಲ್ಲಿನ ಕಷ್ಟದ ಮುಂದೆ ನಮ್ಮ ಲೋಳೆ ವಾಸಿ. ಆದರೆ ಅಲ್ಲಿಯ ರಸ್ತೆಯ ಪಕ್ಕದಲ್ಲಿ ನೂರಡಿ ಕಂದಕ ಎಲ್ಲ ಕಡೆ ಇರುವುದಿಲ್ಲ, ಅದೂ ನಿಜ.

ನಮ್ಮಲ್ಲಿ ಮರಳೇ ಏಕೆ? ಬೇರೆ ಏನಾದರೂ ಆಗದೇ ಎಂದರೆ ಆಗುತ್ತದೆ. ಆದರೆ ಮರಳಿನ ಗುಣ ಬೇರೆಯವಕ್ಕಿಲ್ಲ. ಖಾಲಿ ಸಿಮೆಂಟ್ ಚೀಲದಲ್ಲಿ ತುಂಬಿ ಬಾಯಿ ಹೊಲಿದರೆ ಮಲಗಿದಲ್ಲೇ ಮಲಗುತ್ತದೆ, ಉರುಳುವುದಿಲ್ಲ. ಮಳೆಯಲ್ಲಿ ನೆನೆದರೆ ಹಾಳಾಗುವ ಬದಲು ಇನ್ನಷ್ಟು ತೂಕವಾಗುತ್ತದೆ. ಗಾಡಿ ನಿಜಕ್ಕೂ ಹೂತುಕೊಂಡರೆ ಒಂದು ಚೀಲದ ಬಾಯಿ ಬಿಚ್ಚಿ ಚಕ್ರದ ಮುಂದೆ ಸುರಿಯಬಹುದು. ಸೈಜುಗಲ್ಲು ತೂಕಕ್ಕೆ ಒಳ್ಳೆಯದು, ಚಕ್ರಕ್ಕೆ ಅಡ್ಡ ಕೊಡಲೂ ಬೇಕಾಗುತ್ತದೆ. ಆದರೆ ಕಟ್ಟದೆ ಹಾಕಿದ ಕಲ್ಲು ಗುಂಡಿಗೆ ಗಾಡಿ ಬಿದ್ದಾಗಲೆಲ್ಲ ಎಗರಿ ಬಾಡಿಯ ತಗಡನ್ನು ತೂತು ಮಾಡುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ಕ್ಯಾಬಿನ್ನಿನ ಹಿಂದಿನ ಗಾಜಿಗೇ ಬರುತ್ತದೆ.

ಗೊಬ್ಬರದ ಮೂಟೆ ಇಡುವವರೂ ಇದ್ದಾರೆ. ಯೂರಿಯ ಈಗ 45 ಕೆ.ಜಿ. ಚೀಲದಲ್ಲಿ ಬರುತ್ತದೆ, ಪೊಟ್ಯಾಷ್ 50. ಟಾರ್ಪಾಲು ಸೋರಿದರೆ ತೂಕದ ಜೊತೆ ದುಡ್ಡೂ ಚರಂಡಿಗೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕಾಲದಲ್ಲಿ ಇನ್ನೂರು ಲೀಟರಿನ ಡ್ರಮ್ಮು ಗಾಡಿಯಲ್ಲೇ ಇರುತ್ತದೆ. ಕಂಠಪೂರ್ತಿ ತುಂಬಿದರೆ ಇನ್ನೂರು ಕೆ.ಜಿ. ಭಾರ ಪುಕ್ಕಟೆ. ಅರ್ಧ ತುಂಬಿದ ಡ್ರಮ್ಮಿನಷ್ಟು ಅಪಾಯದ್ದು ಮಾತ್ರ ಇನ್ನೊಂದಿಲ್ಲ. ತಿರುವಿನಲ್ಲಿ ನೀರೆಲ್ಲ ಒಂದೇ ಪಕ್ಕಕ್ಕೆ ನುಗ್ಗುತ್ತದೆ, ಗಾಡಿಯೂ ಅದರ ಹಿಂದೆಯೇ ವಾಲುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕು. ತಳ ಗಟ್ಟಿಯಿದ್ದು ಮೇಲೆ ಮಾತ್ರ ಜಾರುವ ಕಡೆ ಭಾರ ಕೆಲಸ ಮಾಡುತ್ತದೆ. ಪಾಚಿ ಕಟ್ಟಿದ ಕಾಂಕ್ರೀಟ್ ಏರು, ಕಲ್ಲು ಹಾಸಿದ ದಾರಿ, ಗಟ್ಟಿ ಕೆಮ್ಮಣ್ಣಿನ ಮೇಲೆ ಅರ್ಧ ಇಂಚಿನ ಲೋಳೆ, ಮಳೆಯಲ್ಲಿ ಕೊಳೆತ ಸಿಲ್ವರ್ ಓಕ್ ಎಲೆಗಳ ಪದರ, ಇವೆಲ್ಲ ಆ ಜಾತಿ. ಭಾರದ ಚಕ್ರ ಆ ಲೋಳೆಯನ್ನು ಕೊಯ್ದುಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಆದರೆ ಪುನರ್ವಸು, ಪುಷ್ಯ ಮಳೆ ಬಿಡದೆ ಹೊಯ್ದು, ತೋಟದ ಮನೆಯ ಮಳೆ ಲೆಕ್ಕದ ಪುಸ್ತಕದಲ್ಲಿ ದಿನಕ್ಕೆ ಇಷ್ಟು ಇಂಚು ಇಷ್ಟು ಸೆಂಟು ಎಂದು ಸಾಲುಗಳು ತುಂಬುತ್ತಾ ಹೋದ ಮೇಲೆ, ಜೇಡಿಮಣ್ಣು ಆಳದವರೆಗೂ ನೀರು ಕುಡಿದಿರುತ್ತದೆ. ಅಂಥ ಮಣ್ಣಿಗೆ ಒಂದು ಮಟ್ಟದವರೆಗೆ ಮಾತ್ರ ತಡೆಯುವ ಶಕ್ತಿ. ಮೇಲಿಂದ ಎಷ್ಟು ಒತ್ತಿದರೂ ಆ ಶಕ್ತಿ ಹೆಚ್ಚುವುದಿಲ್ಲ, ಚಕ್ರ ಇಳಿಯುತ್ತಾ ಹೋಗುತ್ತದೆ ಅಷ್ಟೆ. ಹಿಂದಿನ ಹೌಸಿಂಗ್ ನೆಲಕ್ಕೆ ತಾಗಿತೆಂದರೆ ಆರು ಮೂಟೆಯೂ ಶತ್ರುವೇ. ಅಲ್ಲಿ ಬೇಕಾದದ್ದು ಮೂಟೆ ಇಳಿಸಿ, ಚಕ್ರದಡಿ ಗೋಣಿ, ಕೊಂಬೆ, ಜಲ್ಲಿ ತುರುಕಿ, ಟಯರಿನ ಗಾಳಿ ಇಳಿಸುವುದು.

ಗಾಳಿಯ ಮಾತು ಬಂತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಯ್ಲಿನ ಕಾಲದಲ್ಲಿ ಒಂದೂವರೆ ಟನ್ ಹೊರಲು ಕಲ್ಲಿನ ಹಾಗೆ ಹೊಡೆಸಿದ ಗಾಳಿ ಮಳೆಗಾಲದ ಖಾಲಿ ಗಾಡಿಯಲ್ಲೂ ಹಾಗೆಯೇ ಇರುತ್ತದೆ. ಹಗುರ ಗಾಡಿಗೆ ಅಷ್ಟು ಗಾಳಿ ಇದ್ದರೆ ಟಯರು ನೆಲಕ್ಕೆ ಹರವಿಕೊಳ್ಳದೆ ನಡುವಿನ ಪಟ್ಟಿಯಲ್ಲಿ ಮಾತ್ರ ತಾಗುತ್ತದೆ. ಖಾಲಿ ಗಾಡಿಗೆ ಎಷ್ಟು, ತುಂಬಿದ ಗಾಡಿಗೆ ಎಷ್ಟು ಎಂದು ಕಂಪನಿಯವರು ಕೊಟ್ಟ ಪುಸ್ತಕ ನೋಡಿ ಇಳಿಸಿಕೊಂಡರೆ ಒಂದೆರಡು ಮೂಟೆಯ ಕೆಲಸ ಅಲ್ಲೇ ಆಗುತ್ತದೆ. ಇನ್ನೊಂದು ನಮ್ಮವರ ಚಾಳಿ, ಹೆಚ್ಚು ಹೇರಲು ಕಮಾನಿಗೆ ಎಕ್ಸ್‌ಟ್ರಾ ಪಟ್ಟಿ ಹಾಕಿಸುವುದು. ಖಾಲಿ ಇದ್ದಾಗ ಅದು ಬಗ್ಗುವುದೇ ಇಲ್ಲ, ಕೊರಕಲು ದಾರಿಯಲ್ಲಿ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ಗಾಳಿಯಲ್ಲಿರುವ ಚಕ್ರ ಏನನ್ನು ಕಚ್ಚೀತು? ಟಯರಿನ ಬಟನ್ ಸವೆದು 1.6 ಮಿಲಿಮೀಟರಿನ ಗುರುತಿಗೆ ಬಂದಿದ್ದರಂತೂ ಮರಳಿನ ಮಾತೇ ಬೇಡ, ಮೊದಲು ಟಯರು.

ಡಿಫರೆನ್ಷಿಯಲ್ಲಿನ ಕಾಟ ಬೇರೆ. ಒಂದು ಚಕ್ರ ಜಾರಿತೆಂದರೆ ಸುಲಭವಾಗಿ ತಿರುಗುವ ಆ ಚಕ್ರಕ್ಕೇ ತಿರುಗಾಟವೆಲ್ಲ ಹರಿದು, ಗಟ್ಟಿ ನೆಲದಲ್ಲಿರುವ ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ನುರಿತವರು ಹ್ಯಾಂಡ್‌ಬ್ರೇಕನ್ನು ಒಂದೆರಡು ಕ್ಲಿಕ್ ಎಳೆದು ತಿರುಗುವ ಚಕ್ರವನ್ನು ತಡೆಯುತ್ತಾರೆ. ಚರಂಡಿಯ ಕಡೆಯ ಚಕ್ರ ಹಗುರಾಗಿದ್ದರೆ ಮೂಟೆಗಳನ್ನು ಆ ಪಕ್ಕಕ್ಕೆ ಸರಿಸಿ ಗಾಡಿ ಎಬ್ಬಿಸುವುದೂ ಉಂಟು.

ಫೋರ್‌ವೀಲ್ ಜೀಪಿಗೆ ಇಷ್ಟೆಲ್ಲ ಸರ್ಕಸ್ಸು ಬೇಡ. ನಮ್ಮ ಅದೇ ಲೆಕ್ಕದಲ್ಲಿ 1,700 ಕೆ.ಜಿ.ಯೂ ತಳ್ಳುವ ಚಕ್ರದ ಮೇಲೇ ಇದ್ದರೆ ಖಾಲಿ ಗಾಡಿಯಲ್ಲೇ 510 ಕೆ.ಜಿ. ತಳ್ಳು ಸಿಗುತ್ತದೆ. ಬಾಳೆಗಲ್ಲಿನಿಂದ ಮುಳ್ಳೋಡಿಗೆ ಕುದುರೆಮುಖದ ಚಾರಣಿಗರನ್ನು ಸಾಗಿಸುವ, ಹೊರನಾಡಿನಿಂದ ಕ್ಯಾತನಮಕ್ಕಿ ಹತ್ತುವ ಜೀಪುಗಳ ಗುಟ್ಟು ಅದೇ. ಮಳೆ ಜೋರಾದಾಗ ಟಯರಿಗೆ ಚೈನ್ ಬಿಗಿದರೆ ಮುಗಿಯಿತು. ಪ್ರವಾಸಿಗರು ಅದನ್ನು ನೋಡಿ ಬಂದು ತಮ್ಮ ಟೂವೀಲ್ ಗಾಡಿಯನ್ನೂ ಅದೇ ದಾರಿಗೆ ತಿರುಗಿಸುತ್ತಾರೆ. ಅವರನ್ನು ಎಳೆದು ತರುವುದು ಈಗ ಇಲ್ಲಿಯ ಜೀಪಿನವರಿಗೆ ಮಳೆಗಾಲದ ಉಪಕಸುಬಾಗಿದೆ.

ಏರು ಹತ್ತಿದ ಗಾಡಿ ಇಳಿಯಲೇಬೇಕಲ್ಲ. ಇಳಿಜಾರಿನಲ್ಲಿ ಆ ಮುನ್ನೂರು ಕೆ.ಜಿ. ಕೆಳಕ್ಕೆ ತಳ್ಳುವ ಪಕ್ಷ ಸೇರುತ್ತದೆ. ಖಾಲಿ ಪಿಕಪ್‌ನಲ್ಲಿ ಬ್ರೇಕ್ ಒತ್ತಿದರೆ ಹಗುರಾದ ಹಿಂದಿನ ಚಕ್ರ ಬೇಗ ಕಟ್ಟಿಕೊಂಡು ಬಾಲ ಅಡ್ಡ ಬರುತ್ತದೆ. ಮೂಟೆ ಇದ್ದರೆ ಅದು ಕಡಿಮೆಯಾಗುತ್ತದೆ, ನಿಜ. ಆದರೆ ಭಾರ ಹೆಚ್ಚಿದ ಮಾತ್ರಕ್ಕೆ ಗಾಡಿ ಬೇಗ ನಿಲ್ಲುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಡ್ರೈವರುಗಳ ನಿಯಮಕ್ಕೆ ಬದಲಿ ಇನ್ನೂ ಬಂದಿಲ್ಲ. ಆರು ಸಾಲದು ಎಂದು ಇಪ್ಪತ್ತು ಮೂಟೆ ಹೇರುವವರೂ ಯೋಚಿಸಬೇಕು. ಮಳೆ ಕುಡಿದ ದಾರಿಯ ಅಂಚು, ಹಳೆಯ ಮೋರಿ ಆ ತೂಕ ತಡೆಯುವುದಿಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳೇ ಜಾರಿದ್ದನ್ನು, ಚಾರ್ಮಾಡಿ ಘಾಟಿ ಬಂದ್ ಆದದ್ದನ್ನು ಕಂಡವರಿಗೆ ಇಲ್ಲಿಯ ಮಣ್ಣಿನ ಮೇಲೆ ಅತಿಯಾದ ನಂಬಿಕೆ ಇರಬಾರದು.

ಭದ್ರಾ ಉಕ್ಕಿ ಹೆಬ್ಬಾಳೆ ಸೇತುವೆಯ ಮೇಲೆ ನೀರು ಹರಿಯುವಾಗಲೂ “ಗಾಡಿಯಲ್ಲಿ ಭಾರ ಇದೆ, ಹೋಗುತ್ತೆ” ಎನ್ನುವ ಧೈರ್ಯವಂತರಿದ್ದಾರೆ. ನೀರು ಗಾಡಿಯ ತಳ ಮುಟ್ಟಿದ ಕ್ಷಣದಿಂದ ಅದನ್ನು ಮೇಲಕ್ಕೆತ್ತಲು ಶುರು ಮಾಡುತ್ತದೆ. ಚಕ್ರದ ಮೇಲಿನ ಭಾರವನ್ನು ನೂರಾರು ಕೆ.ಜಿ. ಲೆಕ್ಕದಲ್ಲಿ ಕದಿಯುತ್ತದೆ. ಹರಿಯುವ ಎರಡು ಅಡಿ ನೀರು ಪಿಕಪ್ಪನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಅಲ್ಲಿ ಮೂಟೆಯ ಲೆಕ್ಕ ಬರುವುದಿಲ್ಲ, ಹೊರನಾಡಿಗೆ ಹೊರಟವರು ನೀರು ಇಳಿಯುವವರೆಗೆ ಕಳಸದಲ್ಲಿ ಕಾಫಿ ಕುಡಿಯುವುದೇ ಸರಿ.

ಇನ್ನು ನಾನು ನಿಜವಾಗಿ ಹೇಳಬೇಕಿದ್ದ ಮಾತು. ಮಲೆನಾಡಿನಲ್ಲಿ ಖಾಲಿ ಪಿಕಪ್‌ಗೆ ಎಲ್ಲಕ್ಕಿಂತ ಸುಲಭವಾಗಿ ಸಿಗುವ ಭಾರ ಮರಳಲ್ಲ, ಮನುಷ್ಯರು. ಏರಿನಲ್ಲಿ ಗಾಡಿ ಜಾರಿತೆಂದರೆ “ಎಲ್ಲ ಹಿಂದೆ ಡೋರ್ ಹತ್ರ ಬಂದು ನಿಂತ್ಕೊಳ್ಳಿ, ಸ್ವಲ್ಪ ಕುಣೀರಿ” ಎಂಬ ಕೂಗು ಬರುತ್ತದೆ. ಲೈನ್‌ಮನೆಯ ಆಳುಗಳು, ಮಕ್ಕಳನ್ನು ಸೊಂಟದಲ್ಲಿ ಎತ್ತಿಕೊಂಡ ಹೆಂಗಸರು, ಕೆಸರು ಗಂಬೂಟಿನ ಹುಡುಗರು ಒದ್ದೆ ಕಂಬಿ ಹಿಡಿದು ಡೋರಿನ ಅಂಚಿಗೆ ಸರಿದು ಕುಣಿಯುತ್ತಾರೆ. ಆರು ಜನ ಎಂದರೆ ಸರಿಸುಮಾರು ಮುನ್ನೂರು ಮುನ್ನೂರೈವತ್ತು ಕೆ.ಜಿ., ನಮ್ಮ ಆರು ಮೂಟೆಯಷ್ಟೇ. ಲೆಕ್ಕ ಸರಿಯಾಗಿಯೇ ಇದೆ, ಗಾಡಿಯೂ ಹತ್ತುತ್ತದೆ. ಹತ್ತದೆ ಹಿಂದಕ್ಕೆ ಜಾರಿದ ದಿನ ಮೊದಲು ಬೀಳುವವರು, ಗಾಡಿ ಮಗುಚಿದರೆ ಅದರಡಿ ಸಿಗುವವರು ಇವರೇ.

ಇವರು ಪಿಕಪ್ ಹತ್ತುವುದು ಖುಷಿಗಲ್ಲ. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿ ನಡೆಸಿದ ಸಹಕಾರ ಸಾರಿಗೆಯ ಬಸ್ಸುಗಳು ಈ ಸೀಮೆಯ ಹಳ್ಳಿಹಳ್ಳಿಗೂ ಬರುತ್ತಿದ್ದವು. 2020ರ ಫೆಬ್ರುವರಿಯಲ್ಲಿ ಅವು ನಿಂತವು. ಆ ಜಾಗ ಪೂರ್ತಿ ತುಂಬಿಲ್ಲ. ಸಂತೆಗೆ, ಆಸ್ಪತ್ರೆಗೆ, ರೇಷನ್ನಿಗೆ ಕಳಸಕ್ಕೆ ಬರಬೇಕಾದವರಿಗೆ ತೋಟದ ಗಾಡಿಯೇ ಗತಿ. ಅದನ್ನು ಬೈದು ಪ್ರಯೋಜನವಿಲ್ಲ. ಆದರೆ ಮಾಲೀಕರು ಒಂದು ಸಂಗತಿ ತಿಳಿದಿರಬೇಕು. ಸರಕು ಸಾಗಣೆಯ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ಏನಾದರೂ ಆದರೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದ್ದಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲಿ ಆಶಾರಾಣಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಜೊತೆಗಿದ್ದರೆ ಮಾತು ಬೇರೆ. ಹಿಂದೆ ಕುಣಿದವರ ಪಾಲಿಗೆ ಪಾಲಿಸಿಯ ಕಾಗದ ಬರೀ ಕಾಗದ.

ಆರು ಖಾಲಿ ಸಿಮೆಂಟ್ ಚೀಲ, ಹೊಲಿಯಲು ದಬ್ಬಣ, ಕಟ್ಟಲು ಹಗ್ಗ, ಅಂಗಳದ ಮೂಲೆಯಲ್ಲಿ ಉಳಿದ ಒಂದಿಷ್ಟು ಮರಳು. ಯಾವ ತೋಟದಲ್ಲಿ ಇವಿಲ್ಲ? ಆರಿದ್ರಾ ಮಳೆ ಹಿಡಿಯುವ ಮೊದಲೇ ತುಂಬಿ, ಹಿಂದಿನ ಆಕ್ಸೆಲ್ ಮೇಲೆ ಕಟ್ಟಿಬಿಡಿ. ಅಕ್ಟೋಬರಿನಲ್ಲಿ ಬಿಸಿಲು ಬಿದ್ದ ಮೇಲೆ ಇಳಿಸಿದರಾಯಿತು. ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ ಜನರನ್ನು ಇಳಿಸಿ, ಅವರು ನಡೆದು ಮೇಲೆ ಬರಲಿ. ಗಾಡಿ ಹತ್ತುವಾಗ ಯಾರೂ ಅದರ ಹಿಂದೆ ನಿಲ್ಲದಂತೆ ನೋಡಿಕೊಳ್ಳಿ.